ಹದಿಮೂರು ಹಗ್ಗದ ದೂರದ ಎರಡು ಕಲ್ಲು

ಕಾರ್ತಿಕದ ಒಂದು ಗುರುವಾರ, ಬೆಳಗ್ಗೆ ಏಳು ಗಂಟೆ. ಸ್ಥಳ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಾಕನಕೋಟೆ ಕಾಡಿನ ಅಂಚಿನ ಹಳೆಯ ಕೆರೆಯೊಂದರ ಏರಿ. ಹಾಜರಿದ್ದವರು ನಾಲ್ವರು: ಆಗಿನ್ನೂ ಮೀಸೆ ಬಲಿಯದ ಸರ್ವೆಯರಾಗಿದ್ದ ನಾನು, ನನ್ನ ಅಳತೆ ಸರಪಳಿ ಹಿಡಿಯುವ ಜವಾನ, ಪಕ್ಕದ ಹಳ್ಳಿಯ ಗೌಡರು ಮತ್ತು ಗೌಡರ ಅಕ್ಕ. ಎರಡನೆಯ ಮಹಾಯುದ್ಧ ಇನ್ನೂ ಆರಂಭವಾಗಿರಲಿಲ್ಲ.

ಕಾಡಿನ ಗಡಿ ಗುರುತು ಮಾಡಲು ನಮ್ಮ ತಂಡ ಗೌಡರ ಹಳ್ಳಿಯಲ್ಲಿ ಬಿಡಾರ ಮಾಡಿತ್ತು. ಮರುದಿನದಿಂದ ಆನೆ ಹಿಡಿಯುವ ಖೆಡ್ಡಾ ಕೆಲಸ ಶುರುವಾಗುವುದಿತ್ತು. ಆಮೇಲೆ ತಿಂಗಳುಗಟ್ಟಲೆ ಆ ಭಾಗಕ್ಕೆ ಯಾರೂ ಕಾಲಿಡುವಂತಿರಲಿಲ್ಲ. ಹಾಗಾಗಿ ಹಿಂದಿನ ಸಂಜೆ ಗೌಡರು ನಮ್ಮ ಮೇಲಿನವರ ಬಳಿ ಬಂದು ನನ್ನನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆದಿದ್ದರು. ಕೆಲಸ ಇಷ್ಟು: ಕಾಡು ನುಂಗಿದ ಅವರ ಹಳೆಯ ಊರಿನ ಕರುಗಲ್ಲನ್ನು ಹುಡುಕಿ ಕೊಡುವುದು.

ನಮ್ಮ ಕಡೆ ಊರು ಕಟ್ಟುವಾಗ ಮನೆಗಳಿಗಿಂತ ಮೊದಲು ಒಂದು ಕಲ್ಲು ನೆಡುತ್ತಾರೆ. ಅದೇ ಕರುಗಲ್ಲು. ಊರು ಜಾಗ ಬದಲಿಸಿದರೆ ಹಳೆಯ ಕಲ್ಲಿನ ಬುಡದ ಮಣ್ಣನ್ನು ಒಂದು ಹಿಡಿ ತಂದು ಹೊಸ ಕಲ್ಲಿನ ಕೆಳಗೆ ಹಾಕಬೇಕು ಎಂಬುದು ಆ ಹಳ್ಳಿಯವರ ನಂಬಿಕೆ. ಗೌಡರು ಎಳೆಯ ಮಗುವಾಗಿದ್ದಾಗ ಪ್ಲೇಗು ಬಂದು ಊರೇ ಎದ್ದು ಓಡಿತ್ತು. ಸರ್ಕಾರದ ಲೆಕ್ಕದಲ್ಲಿ ಆ ಊರು ಬೇಚರಾಕ್, ಅಂದರೆ ಜನವಿಲ್ಲದ ಗ್ರಾಮ. ಓಡಿಬಂದವರು ಹೊಸ ಜಾಗದಲ್ಲಿ ಮನೆ ಕಟ್ಟಿದರು, ಕಲ್ಲು ಮಾತ್ರ ನೆಡಲಿಲ್ಲ. ಮಣ್ಣು ತರಲು ಹಿಂದಿರುಗುವ ಧೈರ್ಯ ಯಾರಿಗೂ ಇರಲಿಲ್ಲ. ಧೈರ್ಯ ಬರುವ ಹೊತ್ತಿಗೆ ಬಿದಿರು ಬೆಳೆದು ಜಾಗವೇ ಗುರುತು ಸಿಗದಂತಾಗಿತ್ತು.

ಈಗ ಅವಸರಕ್ಕೆ ಕಾರಣ ಗೌಡರ ಸೊಸೆ. ಅವಳ ಎರಡು ಕೂಸುಗಳು ಹೆಸರಿಡುವ ಮೊದಲೇ ಹೋಗಿದ್ದವು. ಈಗ ಮತ್ತೆ ದಿನ ತುಂಬಿತ್ತು. ಹೆರಿಗೆಗೆ ಮುಂಚೆ ಕಲ್ಲು ನೆಡಲೇಬೇಕೆಂದು ಗೌಡರ ಅಕ್ಕ ಹಟ ಹಿಡಿದಿದ್ದರು. ಆಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಮ್ಮನ ಮನೆಯನ್ನು ನಡೆಸುತ್ತಿದ್ದವರು. ಹಳೆಯ ಊರಿನಲ್ಲಿ ಬುದ್ಧಿ ತಿಳಿಯುವಷ್ಟು ಬೆಳೆದು, ಈಗಲೂ ಬದುಕಿದ್ದವರು ಆಕೆಯೊಬ್ಬರೇ.

ಆಕೆಗೆ ನೆನಪಿದ್ದದ್ದು ಎರಡು ಸಂಗತಿ. ಕೆರೆ ಏರಿಯ ತುದಿಯಲ್ಲಿ ಒಂದು ದೊಡ್ಡ ಬಂಡೆ ಇದೆ. ಅದರ ಮೇಲೆ ನಿಂತು ಮೂಡಲ ಕಡೆಯ ಎರಡು ಗುಡ್ಡಗಳ ಸಂದಿಯನ್ನು ನೋಡಿದರೆ, ಊರಿನ ಗಾಡಿ ಜಾಡು ಅದೇ ನೇರಕ್ಕೆ ಹೋಗುತ್ತಿತ್ತು. ಕರುಗಲ್ಲು ಆ ಜಾಡಿನ ಮೇಲೇ ಇತ್ತು. ಇನ್ನೊಂದು ಹಗ್ಗದ ಸಂಗತಿ. ವರ್ಷಕ್ಕೊಮ್ಮೆ ಬಿತ್ತನೆಗೆ ಮೊದಲು ಊರಿನವರೆಲ್ಲ ಸೇರಿ ಕೆರೆಯ ತೂಬಿನಿಂದ ಕರುಗಲ್ಲಿಗೆ ಹಗ್ಗ ಹಿಡಿದು ಅಳೆಯುತ್ತಿದ್ದರು. ಹದಿಮೂರನೆಯ ಹಗ್ಗದ ತುದಿಯನ್ನು ಕಲ್ಲಿಗೆ ಸುತ್ತಿ ಬಿಗಿಯುವುದು ವಾಡಿಕೆ. ನೀರಿಗೂ ಊರಿಗೂ ನಂಟು ತಪ್ಪಿಲ್ಲ ಎಂದು ನೋಡಿಕೊಳ್ಳುವ ಕ್ರಮ ಅದು. ಊರು ಬಿಟ್ಟ ಮೇಲೂ ಗೌಡರ ಮನೆಯವರು ಹಳೆಯದರ ಉದ್ದಕ್ಕೇ ಹೊಸ ಹಗ್ಗ ಹೊಸೆದು ಅಟ್ಟದಲ್ಲಿ ಇಡುತ್ತ ಬಂದಿದ್ದರು. ನಾನು ಅದನ್ನು ಅಳೆದು ನೋಡಿದೆ. ನಮ್ಮ ಮೂವತ್ಮೂರು ಅಡಿಯ ಸರಪಳಿಗೆ ಅದು ಸರಿಯಾಗಿ ಎರಡಷ್ಟಿತ್ತು. ಹದಿಮೂರು ಹಗ್ಗ ಎಂದರೆ ಇಪ್ಪತ್ತಾರು ಸರಪಳಿ.

ಬಂಡೆ, ತೂಬು, ಕಲ್ಲು: ಮೂರು ಮೂಲೆಯ ಒಂದು ತ್ರಿಕೋನ. ಬಂಡೆಯಿಂದ ತೂಬಿಗೆ ಏರಿಯ ಮೇಲೆ ಸರಪಳಿ ಎಳೆದೆವು, ನಲವತ್ತು ಬಂತು. ಬಂಡೆಯ ಮೇಲೆ ಥಿಯೊಡೊಲೈಟ್ ಇಟ್ಟು ತೂಬಿಗೂ ಗುಡ್ಡದ ಸಂದಿಗೂ ನಡುವಿನ ಕೋನ ನೋಡಿದೆ. ಮೂವತ್ತಾರು ಡಿಗ್ರಿ ಐವತ್ತೆರಡು ಮಿನಿಟು. ಇದರಲ್ಲಿ ಲಂಬಕೋನ ಎಲ್ಲೂ ಇರಲಿಲ್ಲ, ಆದ್ದರಿಂದ ಶಾಲೆಯ ಸುಲಭದ ದಾರಿ ಇಲ್ಲಿ ನಡೆಯುವುದಿಲ್ಲ. ಬಾಹುಗಳು ಎದುರು ಕೋನಗಳ ಸೈನಿನ ಪ್ರಮಾಣದಲ್ಲಿರುತ್ತವೆ ಎಂಬ ನಿಯಮ ಹಿಡಿದೆ. ಲಾಗರಿದಮ್ ಕೋಷ್ಟಕ ತೆಗೆದೆ. ಕಲ್ಲಿನ ಮೂಲೆಯ ಕೋನ ಅರವತ್ತೇಳು ಡಿಗ್ರಿ ಇಪ್ಪತ್ತಮೂರು ಮಿನಿಟು ಎಂದು ಸಿಕ್ಕಿತು. ಅದರಿಂದ ಬಂಡೆಗೂ ಕಲ್ಲಿಗೂ ನಡುವಿನ ದೂರ ನಲವತ್ತೆರಡು ಸರಪಳಿ.

"ಅಷ್ಟೇನಾ ಸ್ವಾಮಿ?" ಎಂದರು ಗೌಡರು. "ನಾವು ಮೂರು ದಪ ಮೆಳೆ ಹೊಕ್ಕು ಮೈಯೆಲ್ಲ ಮುಳ್ಳು ತರಚಿಸ್ಕಂಡು ಬಂದಿದ್ದೀವಿ. ನೀವು ಕುಂತ ಜಾಗದಲ್ಲೇ ಕಲ್ಲು ಹುಡುಕಿಬುಟ್ರಾ?"

"ಅವ್ರು ಕುಂತು ಹುಡುಕ್ತಾರೆ, ನಾನು ಮೆಳೆ ಕಡೀತೀನಿ. ಸರ್ಕಾರ್ದಲ್ಲಿ ಅಂಗೇ ಕಣ್ ಗೌಡ್ರೇ," ಎಂದು ಜವಾನ ಮಚ್ಚು ತೆಗೆದ.

ಗುಡ್ಡದ ಸಂದಿಯ ನೇರಕ್ಕೆ ಹೊರಟೆವು. ಬಿದಿರು ಎಷ್ಟು ದಟ್ಟವೆಂದರೆ ನಾಲ್ಕು ಮಾರಿನ ಆಚೆ ಏನಿದೆಯೆಂದು ಕಾಣುತ್ತಿರಲಿಲ್ಲ. ಸರಪಳಿ ಕೆಲಸದಲ್ಲಿ ಹತ್ತು ಕಡ್ಡಿ ಇರುತ್ತವೆ. ಒಂದೊಂದು ಸರಪಳಿಗೆ ಒಂದೊಂದು ಕಡ್ಡಿ ನೆಡುತ್ತ ಹೋಗಬೇಕು, ಹತ್ತೂ ಮುಗಿದಾಗ ಹಿಂದಿನವನು ಕಿತ್ತು ತಂದು ಮುಂದಿನವನ ಕೈಗೆ ಕೊಡಬೇಕು. ಆಗ ಇಬ್ಬರೂ ಗಟ್ಟಿಯಾಗಿ ಲೆಕ್ಕ ಹೇಳಬೇಕು. ಎರಡನೆಯ ಸಲ ಕಡ್ಡಿ ಕೈ ಬದಲಾಗಿ ಸ್ವಲ್ಪ ಮುಂದೆ ಹೋಗಿದ್ದೆವು. ಹಿಂದೆ ಬರುತ್ತಿದ್ದ ಅಕ್ಕ ತಟ್ಟನೆ ನಿಂತರು.

"ಯಾರೋ ಕೂಗುದ್ರು."

"ಬಿದಿರು ಕಣವ್ವ," ಎಂದ ಜವಾನ. "ಒಂದಕ್ಕೊಂದು ಉಜ್ಜಿದ್ರೆ ಅಂಗೇ ಕೂಗ್ತದೆ."

"ಬಿದಿರೋ ಮತ್ತೊಂದೋ. ನಾನೇನ್ ಓಗೊಟ್ನಾ? ಒಂದೇ ಕೂಗು ಕೂಗುದ್ರೆ ಓಗೊಡಬಾರ್ದು. ಮಾರಿ ಒಂದೇ ಸಲ ಕರ್ಯೋದು. ಮನುಷ್ಯರಾದ್ರೆ ಇನ್ನೊಂದು ಸಲ ಕರೀತಾರೆ."

ನಾವು ನಿಂತು ಕಾದೆವು. ಇನ್ನೊಂದು ಕೂಗು ಬರಲಿಲ್ಲ. ಮೊದಲನೆಯದು ನನಗೂ ಕೇಳಿಸಿತ್ತು. ಹೆಣ್ಣು ದನಿಯಂತಿತ್ತು, ಕೊನೆಯಲ್ಲಿ ಸ್ವಲ್ಪ ಎಳೆದಿತ್ತು. ನಾನು ಕಡ್ಡಿಯ ಲೆಕ್ಕಕ್ಕೆ ಮರಳಿದೆ.

ನಲವತ್ತೆರಡನೆಯ ಕಡ್ಡಿ ನೆಟ್ಟ ಜಾಗಕ್ಕೆ ನಾಲ್ಕು ಹೆಜ್ಜೆಯ ಅಂತರದಲ್ಲಿ, ಗೋಣಿ ಮರದ ಬೇರುಗಳ ನಡುವೆ, ಕಲ್ಲು ಸಿಕ್ಕಿತು. ಮೊಳಕಾಲೆತ್ತರಕ್ಕೆ ನೆಲದ ಮೇಲಿತ್ತು, ತುಂಬ ಪಾಚಿ. ಗೌಡರು ಅಡ್ಡ ಬಿದ್ದರು. ಅಕ್ಕ ಅರಿಶಿನ ಕುಂಕುಮ ಇಟ್ಟು, ಬುಡ ಕೆದಕಿ ಒಂದು ಹಿಡಿ ಮಣ್ಣು ತೆಗೆದರು. ಗೌಡರು ಅದನ್ನು ಹೊಸ ಬಟ್ಟೆಯಲ್ಲಿ ಸುರಿದುಕೊಂಡರು. ಎಲ್ಲರ ಮುಖದಲ್ಲೂ ಗೆಲುವು. ಬುತ್ತಿ ಬಿಚ್ಚಿ ಊಟ ಮಾಡಿದೆವು.

ನನಗೆ ಕೆಲಸ ಕಲಿಸಿದವರದು ಒಂದು ಕಟ್ಟುನಿಟ್ಟಿನ ಕ್ರಮವಿತ್ತು. ಲೆಕ್ಕವನ್ನು ಮಾಡಿದ ದಾರಿಯಲ್ಲೇ ತಾಳೆ ನೋಡಬಾರದು, ಎದ್ದೇಳದೆ ಕೂತಲ್ಲೇ ನೋಡಲೂಬಾರದು. ಮಧ್ಯೆ ಒಂದು ಊಟ ಆಗಿರಬೇಕು. ಹಸಿದಾಗ ಮಾಡಿದ ತಪ್ಪು ಉಂಡಾಗ ಕಾಣುತ್ತದೆ ಎನ್ನುತ್ತಿದ್ದರು. ಕಲ್ಲು ಕಣ್ಣೆದುರಿಗೆ ಇದ್ದರೂ ಕ್ರಮ ಬಿಡಲು ನನಗೆ ಮನಸ್ಸಾಗಲಿಲ್ಲ. ಈ ಸಲ ಕೊಸೈನಿನ ನಿಯಮ ಹಿಡಿದೆ. ಬಂಡೆಯಿಂದ ಕಲ್ಲಿನ ದೂರವನ್ನು 'ದ' ಎಂದು ಇಟ್ಟುಕೊಂಡೆ. ನಲವತ್ತರ ವರ್ಗ, ಇಪ್ಪತ್ತಾರರ ವರ್ಗ, ನಲವತ್ತು, 'ದ', ಕೊಸೈನುಗಳ ಗುಣಲಬ್ಧದ ಎರಡರಷ್ಟು, ಎಲ್ಲ ಸೇರಿ ಅರ್ಧ ಪುಟ ಆಯಿತು. ಅದನ್ನು ಎಡಕ್ಕೂ ಬಲಕ್ಕೂ ಸಾಗಿಸಿ, ಒಂದೇ ಜಾತಿಯವನ್ನು ಕೂಡಿಸಿ, ಸುಲಭ ರೂಪಕ್ಕೆ ತಂದಾಗ ಉಳಿದದ್ದು ಒಂದೇ ಸಾಲು:

ದ² − ೬೪ದ + ೯೨೪ = ೦

ಹುಣಸೂರಿನ ಶಾಲೆಯಲ್ಲಿ ನಮಗೆ ಬೀಜಗಣಿತ ಕಲಿಸಿದ ಮೇಷ್ಟರು ಬೆಳಗಿನ ಗಂಜಿಗೆ ಮುಂಚೆ ಇಂಥ ಹತ್ತು ಲೆಕ್ಕ ಮಾಡಿಸುತ್ತಿದ್ದರು. ಕೈ ತಾನೇ ಬರೆಯಿತು:

(ದ − ೪೨)(ದ − ೨೨) = ೦

ನಲವತ್ತೆರಡು ಸರಿ. ಆದರೆ ಇಪ್ಪತ್ತೆರಡೂ ಸರಿಯೇ. ಕೋಷ್ಟಕ ತೊಂಬತ್ತು ಡಿಗ್ರಿಗೆ ನಿಂತುಬಿಡುತ್ತದೆ. ಅದು ಲಘುಕೋನವನ್ನು ಮಾತ್ರ ತೋರಿಸಿತ್ತು. ಅದೇ ಸೈನ್ ಇರುವ ವಿಶಾಲಕೋನವೊಂದು ಹಿಂದೆ ಅಡಗಿತ್ತು. ಅದೇ ಬಂಡೆ, ಅದೇ ನೇರ, ತೂಬಿನಿಂದ ಅದೇ ಹದಿಮೂರು ಹಗ್ಗ. ಆದರೂ ಇನ್ನೊಂದು ಜಾಗ. ನಾವು ಅದನ್ನು ದಾಟಿ ಬಂದಿದ್ದೆವು. ಎರಡು ಹತ್ತು, ಅದರ ಮೇಲೆ ಎರಡು: ಅಕ್ಕ ನಿಂತ ಜಾಗ ಅದೇ.

"ಗೌಡ್ರೇ, ಆ ಗಂಟು ಈಗಲೇ ಕಟ್ಟಬೇಡಿ," ಎಂದೆ. "ಲೆಕ್ಕಕ್ಕೆ ಇನ್ನೊಂದು ಉತ್ತರ ಇದೆ. ನಾವು ಬಂದ ದಾರಿಯಲ್ಲೇ, ಇಪ್ಪತ್ತು ಸರಪಳಿ ಹಿಂದೆ."

"ಕಲ್ಲು ಕಣ್ಮುಂದೆ ಐತಲ್ಲ ಸ್ವಾಮಿ. ಇನ್ನೆಂತಾ ಉತ್ತರ?"

"ನಮ್ ಸ್ವಾಮೇರು ಹೊಟ್ಟೆ ತುಂಬುದ್ರೂ ತುಂಬೈತಾ ಅಂತ ಎಲ್ಡು ಸಲ ನೋಡ್ತಾರೆ ಕಣ್ರೀ," ಎಂದು ಜವಾನ ನಕ್ಕ.

ಅಕ್ಕ ನಗಲಿಲ್ಲ. ಆಕೆಯ ಕೈಯಲ್ಲಿದ್ದ ಎಲೆಯಡಿಕೆ ಹಾಗೇ ಉಳಿಯಿತು.

"ತೂಬಿಂದ ಹದಿಮೂರು ಹಗ್ಗವೇ?" ಎಂದು ಕೇಳಿದರು. "ಜಾಡೂ ಇದೇ?"

"ಇದೇ."

"ಹಂಗಾರೆ ಅದು ಸುಳ್ಳೂರು."

ಆಮೇಲೆ ಹೇಳಿದರು. ಪ್ಲೇಗು ಸುತ್ತಲ ಊರುಗಳಿಗೆ ಬಂದಾಗ ಇವರ ಹಿರಿಯರು ಒಂದು ಉಪಾಯ ಮಾಡಿದ್ದರಂತೆ. ಮಾರಿ ಬಂಡೆಯ ಕಡೆಯಿಂದ ಜಾಡು ಹಿಡಿದು ಬರುತ್ತಾಳೆ. ಅವಳು ಬರೀ ಗುಡಿಸಲು ನೋಡಿ ಮೋಸ ಹೋಗುವವಳಲ್ಲ, ತೂಬಿನಿಂದ ಹಗ್ಗ ಹಿಡಿದು ಅಳೆದು ನೋಡಿ ಊರು ಹೌದೋ ಅಲ್ಲವೋ ಎಂದು ತಿಳಿಯುತ್ತಾಳೆ. ಅದಕ್ಕೆ ಗಂಡಸರು ಅದೇ ಜಾಡಿನ ಮೇಲೆ, ಊರಿಗಿಂತ ಮೊದಲೇ ಸಿಗುವ ಹಾಗೆ, ಅದೇ ಹದಿಮೂರು ಹಗ್ಗ ತಾಕುವ ಜಾಗ ಹುಡುಕಿ, ಇನ್ನೊಂದು ಕಲ್ಲು ನೆಟ್ಟು, ಗುಡಿಸಲು ಎಬ್ಬಿಸಿ, ಒಲೆ ಹೂಡಿದರು. ಮಾರಿ ಅಲ್ಲಿಗೆ ಬಂದು, ಇದೇ ಊರೆಂದು ನಂಬಿ, ಯಾರೂ ಸಿಗದೆ ಹಿಂದಿರುಗಬೇಕು. ಹೆಂಗಸರೂ ಮಕ್ಕಳೂ ಅತ್ತ ತಿರುಗಿಯೂ ನೋಡಬಾರದೆಂದು ಕಟ್ಟಳೆ ಹಾಕಿದ್ದರು.

ಗೌಡರು ಬಟ್ಟೆಯನ್ನು ನೆಲಕ್ಕೆ ಇಟ್ಟು ಕೈ ಹಿಂದಕ್ಕೆ ಎಳೆದುಕೊಂಡರು. "ಅಂದ್ರೆ ನಾನೀಗ ಕಟ್ಕಂಡಿರೋದು ಯಾವ್ ಮಣ್ಣಕ್ಕ? ಊರಿಂದೋ, ಮಾರೀದೋ? ಮನೇಲಿ ಬಸುರಿ ಮಡಗ್ಕಂಡು..."

"ಅದುನ್ನ ನೋಡಕ್ಕೇ ಓಗೋದು. ಏಳ್ಲಾ."

ಲೆಕ್ಕ ಎರಡನ್ನೂ ಒಪ್ಪಿತ್ತು. ಯಾವುದು ನಿಜ ಎಂದು ಹೇಳುವುದು ಅದರ ಕೈಯಲ್ಲಿರಲಿಲ್ಲ. ಹಿಂದಿರುಗಿ ಇಪ್ಪತ್ತೆರಡರ ಗುರುತಿನಲ್ಲಿ ಜವಾನ ಬಿದಿರು ಕಡಿದ. ಜಾಡಿನ ಪಕ್ಕಕ್ಕೆ ಸ್ವಲ್ಪ ಒಳಗೆ ಕಲ್ಲು ನಿಂತಿತ್ತು. ಅದೇ ಎತ್ತರ, ಅದೇ ದಪ್ಪ. ಇದರ ಮೇಲೆ ಪಾಚಿ ಇರಲಿಲ್ಲ. ಸುತ್ತ ಎಲೆ ಕೆದಕುತ್ತ ಹೋದಂತೆ ಒಲೆಗಳು ಸಿಕ್ಕವು, ಮೂರು ಮೂರು ಗುಂಡುಕಲ್ಲು, ಬೀದಿಯ ಎರಡು ಸಾಲಿನಲ್ಲಿ ಕ್ರಮವಾಗಿ ಹೂಡಿದ್ದವು. ಮನೆಗಳಿಲ್ಲದೆ ಬರೀ ಒಲೆಗಳಿದ್ದ ಬೀದಿ. ಜವಾನ ತಮಾಷೆ ಬಿಟ್ಟಿದ್ದ.

ಅಕ್ಕ ಕಲ್ಲನ್ನು ಬೆರಳಿಂದ ಸುತ್ತಲೂ ಸವರಿದರು. "ನಿಜದ ಕಲ್ಲಾದ್ರೆ ವರ್ಸ ವರ್ಸ ಹಗ್ಗ ಬಿಗಿದು ಕತ್ತಿನ ಸುತ್ತ ಗೀರು ಬಿದ್ದಿರ್ತದೆ. ಇದು ನುಣ್ಣುಗೈತೆ. ಲೋ ಮಗಾ," ಎಂದು ಜವಾನನನ್ನು ಕರೆದರು, "ನೀನು ಓಡೋಗಿ ಆ ಕಲ್ಲಿನ ಪಾಚಿ ಕೆರೆದು ನೋಡು. ಗೀರಿದ್ರೆ ಅಲ್ಲಿಂದ್ಲೇ ಕೂಗು."

ಅವನು ಹೋದ. ನಾವು ಮೂವರು ಕಾದೆವು. ಗಾಳಿ ಬೀಸಿದಾಗೆಲ್ಲ ಬಿದಿರು ಉಜ್ಜಿ ನರಳುತ್ತಿತ್ತು. ಸ್ವಲ್ಪ ಹೊತ್ತಿಗೆ ದನಿ ಬಂತು.

"ಐತೇ..."

ಯಾರೂ ಓಗೊಡಲಿಲ್ಲ. ಒಂದನೆಯ ಕೂಗು. ನಾನೂ ಬಾಯಿ ತೆರೆಯಲಿಲ್ಲ.

"ಗೀರೈತೆ ಕಣ್ರೀ! ಎಬ್ಬೆಟ್ಟು ಕುಂತ್ಕೊಳೋವಷ್ಟು ಆಳ!"

"ಸರಿ, ಬಾ!" ಎಂದು ಗೌಡರು ಕೂಗಿ, ಉಸಿರು ಬಿಟ್ಟು, ಕೂತೇ ಬಿಟ್ಟರು. ಅವರ ಬಟ್ಟೆಯಲ್ಲಿದ್ದದ್ದು ನಿಜದ ಮಣ್ಣೇ. ನನ್ನ ಕೆಲಸ ಮುಗಿದಂತಾಯಿತು ಎಂದುಕೊಂಡು ಕಡ್ಡಿಗಳನ್ನು ಒಟ್ಟುಮಾಡತೊಡಗಿದೆ.

ಅಕ್ಕ ಮಾತ್ರ ಕಲ್ಲಿನ ಬಳಿಯೇ ನಿಂತಿದ್ದರು. "ಪಕ್ಕದ ಮನೇಲಿ ಕೂಗ್ದಂಗೆ ಕೇಳುಸ್ತು," ಎಂದರು. "ಇಷ್ಟು ಹತ್ರವಾ?"

ಬಾಗಿ, ಒಂದು ಒಲೆಯ ಗುಂಡನ್ನು ಮಗುಚಿದರು. ಒಳಮೈ ಕಲ್ಲಿನ ಬಣ್ಣದ್ದೇ. ಇನ್ನೊಂದು ಮಗುಚಿದರು, ಮತ್ತೊಂದು. ಸಾಲಿನ ಕೊನೆಯ ಒಲೆಯ ಗುಂಡು ಮಗುಚಿದಾಗ ಒಳಗೆಲ್ಲ ಮಸಿ. ನಾನು ಕೈಯಲ್ಲಿದ್ದ ಕಡ್ಡಿಯ ತುದಿಯಿಂದ ಮಣ್ಣು ಕೆರೆದೆ. ಕೆಳಗಿನ ಮಣ್ಣು ಇಟ್ಟಿಗೆಯಂತೆ ಸುಟ್ಟು ಕೆಂಪಾಗಿತ್ತು. ಒಂದೆರಡು ದಿನದ ಉರಿಗೆ ಮಣ್ಣು ಹಾಗಾಗುವುದಿಲ್ಲ.

"ಸುಳ್ಳು ಮನೇಲಿ ಮಸಿ ಯಾಕ್ಲಾ?" ಎಂದು ಆಕೆ ತಮ್ಮನನ್ನು ಕೇಳಿದರು.

ಗೌಡರು ಎದ್ದು ಒಲೆಯ ಬಳಿ ಬಂದರು.

"ಅವ್ವನ ಕಂಕುಳಲ್ಲಿ ಗಂಟು ಎದ್ದಿತ್ತು. ನೀನು ಎದೆ ಹಾಲು ಬಿಟ್ಟಿರ್ನಿಲ್ಲ. ಬೆಳಿಗ್ಗೆ ಎದ್ದು ನೋಡುದ್ರೆ ಅವ್ವ ಇಲ್ಲ. 'ಅವ್ವ ಇನ್ನೊಂದೂರಿಗೆ ಓಗವ್ಳೆ' ಅಂದ ಅಪ್ಪ. ಯಾವೂರು ಅಂತ ಯೋಳ್ನಿಲ್ಲ. ತವರಿಗೆ ಓಗವ್ಳೆ ಅನ್ಕಂಡೆ. ಸತ್ಲು ಅಂತ ಆಮೇಲೆ ಯೋಳುದ್ರು."

ಜವಾನ ಬಂದು ನಿಂತಿದ್ದ. ಆಕೆ ಅವನನ್ನು ನೋಡಲಿಲ್ಲ.

"ಸಾಯಂಕಾಲ ಹಟ್ಟಿ ಬಾಗ್ಲಲ್ಲಿ ನಿನ್ನ ಎತ್ಕಂಡು ಕುಂತಿರ್ತಿದ್ದೆ. ಈ ಕಡೆಯಿಂದ ಒಂದೇ ಒಂದು ಕೂಗು ಬರೋದು. 'ಮಗಾ' ಅಂತ. ಮಾರಿ ಕಣೆ, ಓಗೊಡಬ್ಯಾಡ ಅಂತ ಅಪ್ಪ ಬಾಯಿ ಮುಚ್ಚುಸ್ತಿದ್ದ. ಅವಳಿಗೆ ಎರಡನೇ ಸಲ ಕೂಗಕ್ಕೆ ಶಕ್ತಿ ಇರ್ನಿಲ್ಲ ಕಣ್ಲಾ. ನಾನು ದಿನಾ ಕೇಳಿಸ್ಕಂಡೆ. ದಿನಾ ಸುಮ್ಕಿದ್ದೆ."

ಹಿರಿಯರು ಮಾಡಿದ್ದು ನನಗೆ ಆಗ ಪೂರ್ತಿ ಅರ್ಥವಾಯಿತು. ಒಲೆ ಉರಿಯದ ಊರನ್ನು ಮಾರಿ ನಂಬುವುದಿಲ್ಲ. ಕಾಯಿಲೆ ಬಿದ್ದವರನ್ನು ಒಬ್ಬರಾದ ಮೇಲೆ ಒಬ್ಬರಂತೆ ಇಲ್ಲಿಗೆ ತಂದು ಬಿಟ್ಟು, ಸುಳ್ಳೂರಿನಲ್ಲಿ ಈ ಒಲೆ ಹಚ್ಚಿಸಿದ್ದರು.

ಅಕ್ಕ ಕೂತು, ಮಸಿಯಿದ್ದ ಗುಂಡುಗಳನ್ನು ಮತ್ತೆ ಮೊದಲಿದ್ದ ಹಾಗೆಯೇ ಹೂಡಿದರು. ಒಣ ಬಿದಿರ ಎಲೆ ತುಂಬಿ ಜವಾನನ ಬೆಂಕಿಪೆಟ್ಟಿಗೆ ಕೇಳಿದರು.

"ಬ್ಯಾಡಕ್ಕ," ಎಂದರು ಗೌಡರು. "ಸೊಸೆ ಬಸುರಿ. ಮಾರಿ ಜಾಗದಲ್ಲಿ ಒಲೆ ಹಚ್ಚಿ, ಅದೇ ಕೈಲಿ ಮನೆಗೆ ಬತ್ತೀಯಾ?"

"ಇಲ್ಲಿದ್ದೋಳು ಮಾರಿ ಅಲ್ಲ. ನಿಂಗೆ ಹಾಲು ಕೊಟ್ಟೋಳು. ಆ ಎರಡು ಕೂಸಿಗೂ ಇವಳೇ ಮುತ್ತಜ್ಜಿ. ನಾವು ಇವಳಿಗೆ ಒಂದು ತುತ್ತು ಎಡೆ ಇಟ್ಟಿದ್ವೇನ್ಲಾ?"

ಒಲೆ ಹತ್ತಿತು. ಬುತ್ತಿಯಲ್ಲಿ ಉಳಿದಿದ್ದ ಮುದ್ದೆಯನ್ನು ಮುತ್ತುಗದ ಎಲೆಯ ಮೇಲೆ ಇಟ್ಟು, ಆಕೆ ಎದ್ದು ನಿಂತು, ಮೆಳೆಯ ಕಡೆ ಮುಖ ಮಾಡಿ, ಹೊಲದಿಂದ ಕರೆದವರಿಗೆ ಹೇಳುವ ಹಾಗೆ ಗಟ್ಟಿಯಾಗಿ ಕೂಗಿದರು:

"ಓ... ಬಂದೇ ಕಣವ್ವಾ!"

ಬೆಳಗಿನಿಂದ ಉಜ್ಜುತ್ತಿದ್ದ ಬಿದಿರಿನ ಸದ್ದು ನಿಂತಿತು. ಗಾಳಿ ನಿಂತಿರಲಿಲ್ಲ, ನನ್ನ ಕೈಯಲ್ಲಿದ್ದ ಕಡ್ಡಿಗೆ ಕಟ್ಟಿದ ಕೆಂಪು ಬಟ್ಟೆ ಹಾರಾಡುತ್ತಲೇ ಇತ್ತು. ಕಾರಣ ನನಗೆ ಗೊತ್ತಿಲ್ಲ. ಕಂಡದ್ದನ್ನು ಬರೆದಿದ್ದೇನೆ.

ಸ್ವಲ್ಪ ಹೊತ್ತಾದ ಮೇಲೆ ಗೌಡರು ಬಂದು, ಅಕ್ಕನ ಪಕ್ಕದಲ್ಲಿ ನಿಂತು, ಎಲೆಯ ಮುಂದೆ ಅಡ್ಡ ಬಿದ್ದರು. ಮಣ್ಣನ್ನು ಮಾತ್ರ ಆ ಜಾಗದಿಂದ ಯಾರೂ ತೆಗೆಯಲಿಲ್ಲ. ಆಕೆಯೂ ಕೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮುಂಚೆ ಹಳ್ಳಿಗೆ ಬಂದೆವು. ಊರ ನಡುವೆ ಗುಂಡಿ ತೆಗೆದಿಟ್ಟಿದ್ದರು, ಹೊಸ ಕಲ್ಲು ಪಕ್ಕದಲ್ಲಿ ಮಲಗಿತ್ತು. ಗೌಡರು ಬಟ್ಟೆ ಬಿಚ್ಚಿ ಮಣ್ಣು ಹಾಕಿದರು. ಕಲ್ಲು ನಿಲ್ಲಿಸಿದಾಗ ನಾನು ತೂಕದ ಗುಂಡು ಇಳಿಬಿಟ್ಟು ನೋಡಿದೆ. ತೆಂಕಲಿಗೆ ಸ್ವಲ್ಪ ವಾಲಿತ್ತು, ಸರಿ ಮಾಡಿಸಿದೆ. ಮಣ್ಣು ಗುದ್ದಿದರು. ಅಕ್ಕ ಊರಿನ ಹಗ್ಗ ತಂದು ಕಲ್ಲಿನ ಕತ್ತಿಗೆ ಒಂದು ಸುತ್ತು ಬಿಗಿದರು.

ಗಂಟು ಹಾಕುತ್ತಿರುವಾಗಲೇ ಗೌಡರ ಮನೆಯೊಳಗಿನಿಂದ ಸೊಸೆಯ ದನಿ ಬಂತು. ನೋವು ಶುರುವಾಗಿತ್ತು.

"ಅತ್ತೇ..."

ಒಂದೇ ಕೂಗು. ಕಲ್ಲಿನ ಸುತ್ತ ಇದ್ದವರು ಅಭ್ಯಾಸದಂತೆ ಸುಮ್ಮನಾಗಿ ಎರಡನೆಯದಕ್ಕೆ ಕಿವಿಗೊಟ್ಟರು.

"ಓ, ಬಂದೆ ಮಗಾ!" ಎಂದು ಅಕ್ಕ ಅಲ್ಲಿಂದಲೇ ಕೂಗಿ, ಹಗ್ಗ ಬಿಟ್ಟು ಓಡಿದರು. ಬಾಗಿಲಲ್ಲಿ ತಿರುಗಿ, "ಇನ್ಮೇಲೆ ಈ ಊರಲ್ಲಿ ಒಂದ್ನೇ ಕೂಗಿಗೇ ಓಗೊಡ್ಬೇಕು, ಕೇಳುಸ್ತಾ?" ಎಂದು ಎಲ್ಲರಿಗೂ ಹೇಳಿ ಒಳಗೆ ಹೋದರು.

ಅಂದು ರಾತ್ರಿ ಗೌಡರ ಮನೆಯಲ್ಲಿ ಹುಟ್ಟಿದವನು ಹೋದ ವರ್ಷ ನನ್ನನ್ನು ನೋಡಲು ಬಂದಿದ್ದ. ತಲೆ ನರೆತಿದೆ. ಮಾತಿನ ನಡುವೆ ಬೀದಿಯಲ್ಲಿ ಯಾರೋ ಯಾರನ್ನೋ ಕರೆದರು. ಅವನು ಕೂತಲ್ಲಿಂದಲೇ "ಓ" ಎಂದ.

ಆ ಸಂಜೆ ಅಕ್ಕ ಬಿಟ್ಟು ಹೋದ ಗಂಟನ್ನು ನಾನು ಬಿಗಿದೆ. ಆಮೇಲೆ ಬಿಡಾರಕ್ಕೆ ಬಂದು, ಎರಡು ಉತ್ತರಗಳನ್ನೂ ಒಂದರ ಕೆಳಗೊಂದು ಶುದ್ಧಪ್ರತಿ ಮಾಡಿದೆ. ಅಗ್ರಾಹ್ಯ ಎಂದು ಯಾವುದನ್ನೂ ಹೊಡೆದು ಹಾಕಲಿಲ್ಲ. ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಎಣ್ಣೆ ಬಟ್ಟೆಯಿಂದ ಒರೆಸಿ, ಸುತ್ತಿ, ಗೂಟಕ್ಕೆ ತೂಗುಹಾಕಿದೆ. ಹತ್ತು ಕಡ್ಡಿಗಳನ್ನೂ ಎಣಿಸಿ ಕಟ್ಟಿಟ್ಟೆ.